ಅಲಾಯ್ ವೀಲ್‌ನ ಕಲೆಗಳನ್ನು ಓದುವುದು

ಸುರತ್ಕಲ್ ಕಡೆ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಕಾಟ ಹೊಸದಲ್ಲ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿದ ಮಳೆ, ಜೊತೆಗೆ ಕಡಲಿನ ಉಪ್ಪುಗಾಳಿ. ಕಬ್ಬಿಣದ ಗೇಟಾಗಲಿ ಬೈಕಿನ ಸೈಲೆನ್ಸರಾಗಲಿ ಇಲ್ಲಿ ಹೆಚ್ಚು ಕಾಲ ಹೊಸದಾಗಿ ಉಳಿಯುವುದಿಲ್ಲ. ಅಲಾಯ್ ವೀಲ್ ಮಾತ್ರ ಅಲ್ಯೂಮಿನಿಯಂ, ಅದಕ್ಕೇನೂ ಆಗುವುದಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನನ್ನ ಹಳೆಯ ಕಾರಿನ ವೀಲ್‌ಗಳು ಗೀರಿ, ಬಣ್ಣ ಮಾಸಿದ್ದವು. ನಾಲ್ಕನ್ನೂ ಬಿಚ್ಚಿಸಿ, ಬಣ್ಣದ ಪುಡಿಯನ್ನು ಓವನ್ನಿನಲ್ಲಿ ಬೇಯಿಸಿ ಹಿಡಿಸುವ ಪೌಡರ್ ಕೋಟಿಂಗ್ ಬೆಳ್ಳಿ ಬಣ್ಣದಲ್ಲಿ, ಅದರ ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಮಾಡಿಸಿದೆ. ಕೈಗೆ ಬಂದಾಗ ಷೋರೂಮಿನಿಂದ ಬಂದಂತಿದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರಡು ಹಳದಿಗೆ ತಿರುಗಿದ್ದವು, ಇನ್ನೊಂದರ ತುಂಬ ಕಂದು ಚುಕ್ಕೆ, ಎಲ್ಲದರ ಅಂಚಿನಲ್ಲೂ ಬಿಳಿ ಗೆರೆ.

ಕೋಟಿಂಗ್ ಮಾಡಿದವರು ‘ಕಡಲಿನ ಗಾಳಿ ಸಾರ್, ಏನೂ ಮಾಡ್ಲಿಕ್ಕಾಗುವುದಿಲ್ಲ’ ಎಂದರು. ಬೇಕಾದರೆ ಮೇಲೆ ಇನ್ನೊಂದು ಕೋಟ್ ಹೊಡೆದುಕೊಡುತ್ತೇವೆ ಎಂದೂ ಹೇಳಿದರು. ನಾನು ಒಪ್ಪಲಿಲ್ಲ. ವೀಲ್‌ಗಳನ್ನು ಬೇರೊಂದು ಘಟಕಕ್ಕೆ ಒಯ್ದೆ. ಅಲ್ಲಿ ಓವನ್ ನೋಡಿಕೊಳ್ಳುವ ಹಿರಿಯರೊಬ್ಬರು ಬೆಳಕಿಗೆ ಹಿಡಿದು ನೋಡಿ, ‘ಪೌಡರನ್ನು ಬಯ್ಯಬೇಡಿ ಮಾರಾಯ್ರೆ, ಇದು ಯಾವ ಕಲೆ ಅಂತ ಮೊದಲು ನೋಡಿ’ ಎಂದರು. ಒಂದೊಂದು ಕಲೆಗೂ ಒಂದೊಂದು ಕಾರಣ ಇರುತ್ತದೆ, ಕಾರಣ ತಿಳಿಯದೆ ಮತ್ತೆ ಬಣ್ಣ ಹಚ್ಚಿದರೆ ದುಡ್ಡು ದಂಡ ಎಂಬುದನ್ನು ಅವರ ಪಕ್ಕ ನಿಂತು ಕಲಿತೆ.

ಮೊದಲು ಬಿಳಿ ಗೆರೆ. ಅವರು ಬ್ಲೇಡಿನ ಮೊನೆಯನ್ನು ರಿಮ್ಮಿನ ಅಂಚಿನಲ್ಲಿ ತೂರಿಸಿ ಮೆಲ್ಲಗೆ ಎತ್ತಿದರು. ಕೋಟಿಂಗ್ ಹಾಳೆಯಾಗಿ ಎದ್ದು ಬಂತು. ಅದರ ಅಡಿಯಲ್ಲಿ ಲೋಹದ ಮೇಲೆ ಕೂದಲೆಳೆಯಂಥ ಗೆರೆಗಳು ಅಂಕುಡೊಂಕಾಗಿ ಹರಿದಿದ್ದವು. ಉಗುರಿನಿಂದ ಕೆರೆದರೆ ಬಿಳಿ ಪುಡಿ. ಅಲ್ಯೂಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಉಪ್ಪು, ತೇವ ಎರಡೂ ಸಿಕ್ಕರೆ ಅದು ಹೀಗೆ ಎಳೆ ಎಳೆಯಾಗಿ ಸವೆಯುತ್ತದೆ. ಶುರುವಾಗಲು ಒಂದು ಸಣ್ಣ ಗೀರು ಸಾಕು. ನನ್ನ ವೀಲ್‌ಗಳಲ್ಲಿ ಅದು ಹುಟ್ಟಿದ್ದು ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಬಡಿದು ಕೂರಿಸಿದ ಕ್ಲಿಪ್ ತೂಕಗಳ ಕೆಳಗೆ. ಅಷ್ಟು ವೇಗವಾಗಿ ಹರಡಲು ಬಿಟ್ಟಿದ್ದು ಕೋಟಿಂಗ್‌ಗೂ ಮುಂಚಿನ ಕೆಲಸದ ಕೊರತೆ. ಅಲ್ಯೂಮಿನಿಯಂ ಮೇಲೆ ಪೌಡರ್ ಗಟ್ಟಿಯಾಗಿ ಹಿಡಿಯಬೇಕಾದರೆ ಎಣ್ಣೆ ಜಿಡ್ಡು ತೆಗೆದು, ಕ್ರೋಮೇಟ್ ಅಥವಾ ಜಿರ್ಕೋನಿಯಂ ಆಧಾರಿತ ದ್ರಾವಣದಿಂದ ಸಂಸ್ಕರಿಸಿ, ಚೆನ್ನಾಗಿ ತೊಳೆದು ಒಣಗಿಸಬೇಕು. ಇಲ್ಲಿ ಅದು ಆಗಿರಲೇ ಇಲ್ಲ.

ಕಂದು ಚುಕ್ಕೆಗೆ ಎರಡು ಮೂಲ. ಬ್ರೇಕ್ ಹಿಡಿದಾಗ ಡಿಸ್ಕ್ ಮತ್ತು ಪ್ಯಾಡ್‌ನಿಂದ ಏಳುವ ಬಿಸಿ ಕಬ್ಬಿಣದ ಕಣಗಳು ಕ್ಲಿಯರ್ ಕೋಟ್‌ಗೆ ಅಂಟಿಕೊಂಡು ಅಲ್ಲೇ ತುಕ್ಕಾಗುತ್ತವೆ. ಮುಂದಿನ ವೀಲ್‌ಗಳಲ್ಲಿ ಇದು ಜಾಸ್ತಿ. ಐರನ್ ರಿಮೂವರ್ ಎಂಬ ದ್ರಾವಣ ಸಿಂಪಡಿಸಿದರೆ ಕಣ ಇರುವಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಸೋರುತ್ತದೆ. ತೊಳೆದರೆ ಚುಕ್ಕೆಯೂ ಹೋಗುತ್ತದೆ. ನನ್ನ ವೀಲ್‌ನಲ್ಲಿ ನೇರಳೆ ಇಳಿಯಿತು, ಆದರೆ ಅರ್ಧಕ್ಕರ್ಧ ಚುಕ್ಕೆ ಹಾಗೇ ಉಳಿಯಿತು. ಅವು ಕೋಟಿಂಗ್‌ನ ಅಡಿಯಲ್ಲಿದ್ದವು. ಗೇಟು, ಗ್ರಿಲ್ಲು ಉಜ್ಜುವ ಬ್ಲಾಸ್ಟಿಂಗ್ ಕೋಣೆಯಲ್ಲಿ ಅದೇ ಗ್ರಿಟ್ ಬಳಸಿ ವೀಲನ್ನೂ ಉಜ್ಜಿದರೆ ಕಬ್ಬಿಣದ ಚೂರುಗಳು ಮೆದು ಅಲ್ಯೂಮಿನಿಯಂ ಒಳಗೆ ನಾಟಿಕೊಳ್ಳುತ್ತವೆ. ತೇವ ತಲುಪಿದ ದಿನ ಅವು ತುಕ್ಕಾಗಿ ಮೇಲಕ್ಕೆ ಕಾಣಿಸಿಕೊಳ್ಳುತ್ತವೆ.

ಇನ್ನು ಹಳದಿ. ಪೌಡರ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 20 ನಿಮಿಷ ಬೇಯಬೇಕು. ಈ ಲೆಕ್ಕ ಓವನ್ನಿನ ಗಾಳಿಯದಲ್ಲ, ಲೋಹದ್ದು. ವೀಲ್‌ನ ಸ್ಪೋಕ್ ತೆಳು, ನಡುಭಾಗ ದಪ್ಪ. ದಪ್ಪ ಭಾಗ ಬಿಸಿಯಾಗಲಿ ಎಂದು ಹೆಚ್ಚು ಹೊತ್ತು ಬಿಟ್ಟರೆ ತೆಳು ಭಾಗ ಮಿತಿಮೀರಿ ಬೆಂದು ಹಳದಿಯಾಗುತ್ತದೆ, ಬೇಗ ತೆಗೆದರೆ ನಡುಭಾಗ ಹಸಿ ಉಳಿಯುತ್ತದೆ. ಕಾವು ಸರಿಯಿಲ್ಲದ ಕಾವಲಿಯ ಮೇಲಿನ ದೋಸೆಯ ಹಾಗೆ. ಓವನ್ನಿನ ಬರ್ನರ್ ಬದಿಯಲ್ಲಿದ್ದವೇ ನನ್ನ ಎರಡು ಹಳದಿ ವೀಲ್‌ಗಳು ಎಂಬುದು ಅವರ ಊಹೆ. ಕ್ಲಿಯರ್ ಕೋಟ್‌ನಲ್ಲಿ ಈ ಹಳದಿ ಬೇಗ ಎದ್ದು ಕಾಣುತ್ತದೆ. ಹಳದಿಯಾಗಲು ಪೌಡರ್ ಜಾತಿಯೂ ಕಾರಣವಾಗಬಹುದು. ಎಪಾಕ್ಸಿ, ಎಪಾಕ್ಸಿ ಬೆರೆತ ಹೈಬ್ರಿಡ್ ಹೆಚ್ಚಾಗಿ ಮನೆಯೊಳಗಿನ ಸಾಮಾನಿಗೆ. ಬಿಸಿಲಿಗೆ ಒಡ್ಡಿದರೆ ಹಳದಿಯಾಗಿ, ಸುಣ್ಣದ ಪುಡಿಯಂತೆ ಉದುರತೊಡಗುತ್ತವೆ. ವೀಲ್‌ಗೆ ಹೊರಾಂಗಣದ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಬೇಕು.

ಎಲ್ಲ ಕಲೆಯೂ ಕೋಟಿಂಗ್‌ನವರ ತಲೆಗೇ ಕಟ್ಟುವಂಥದ್ದಲ್ಲ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟರೆ ಬಿಳಿ ಬಿಳಿ ಉಂಗುರ ಉಳಿಯುತ್ತದೆ. ಅದು ನೀರಿನ ಸುಣ್ಣ, ನೀರು ಬೆರೆಸಿದ ವಿನಿಗರ್‌ನಲ್ಲಿ ಒರೆಸಿ ತಕ್ಷಣ ತೊಳೆದರೆ ಬಿಡುತ್ತದೆ. ವಾಷಿಂಗ್ ಸೆಂಟರ್‌ಗಳಲ್ಲಿ ಕೆಲವರು ವೀಲ್‌ಗೆ ತೀಕ್ಷ್ಣ ಆಸಿಡ್ ಅಥವಾ ಕಾಸ್ಟಿಕ್ ಬೆರೆತ ದ್ರಾವಣ ಹೊಡೆಯುತ್ತಾರೆ. ಅದರಿಂದ ಮಬ್ಬಾದ ಹೊಳಪು ಮತ್ತೆ ಬರುವುದಿಲ್ಲ. ಸಾದಾ ಕಾರ್ ಶಾಂಪೂ ಸಾಕು, ವೀಲ್ ತಣ್ಣಗಿರುವಾಗ ತೊಳೆಯಬೇಕು.

ಎರಡನೇ ಸಲ ಕೆಲಸ ಕೊಡುವಾಗ ಈ ಕೆಲವು ಮಾತುಗಳನ್ನು ಮೊದಲೇ ಕೇಳಿ ಬಿಲ್ಲಿನಲ್ಲಿ ಬರೆಸಿದೆ. ಅಲ್ಯೂಮಿನಿಯಂಗೆ ಬೇರೆ ಗ್ರಿಟ್ ಇದೆಯೇ? ಪೌಡರ್‌ಗೂ ಮುಂಚೆ ಯಾವ ಸಂಸ್ಕರಣೆ? ಬರಿ ವೀಲನ್ನು ಒಮ್ಮೆ ಓವನ್ನಿನಲ್ಲಿ ಕಾಯಿಸಿ, ಎರಕದ ರಂಧ್ರಗಳಲ್ಲಿ ಕೂತ ಎಣ್ಣೆ, ಗಾಳಿ ಹೊರಹಾಕುತ್ತೀರಾ? ಇದಾಗದಿದ್ದರೆ ಕೋಟಿಂಗ್‌ನಲ್ಲಿ ಸೂಜಿಮೊನೆಯಷ್ಟು ತೂತುಗಳೇಳುತ್ತವೆ, ಉಪ್ಪುನೀರಿಗೆ ಅವೇ ಬಾಗಿಲು. ಬ್ಯಾಲೆನ್ಸಿಂಗ್‌ಗೆ ಕ್ಲಿಪ್ ಬೇಡ, ಒಳಬದಿಗೆ ಅಂಟಿಸುವ ತೂಕವೇ ಇರಲಿ ಎಂದು ಟಯರ್ ಅಂಗಡಿಯವರಿಗೂ ಹೇಳಿದೆ.

ಅಂದಕ್ಕಿಂತ ದೊಡ್ಡ ಮಾತೊಂದಿದೆ. ನಟ್ ಕೂರುವ ಕುಳಿಗೂ ಹಬ್‌ಗೆ ತಾಗುವ ಮುಖಕ್ಕೂ ಪೌಡರ್ ಬೀಳಬಾರದು. ಅಲ್ಲಿ ಬಿದ್ದ ಕೋಟಿಂಗ್ ಒತ್ತಡಕ್ಕೆ ನುಗ್ಗಾದರೆ ನಟ್ ಸಡಿಲವಾಗುತ್ತದೆ. ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ, 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ನೋಡಲೇಬೇಕು. ಪದೇ ಪದೇ ಅತಿ ಶಾಖದಲ್ಲಿ ಬೇಯಿಸಿದರೆ ವೀಲ್‌ನ ಬಲವೂ ಕುಗ್ಗುತ್ತದೆ. ಕಾರಣ ತಿಳಿಯದೆ ಮತ್ತೆ ಮತ್ತೆ ಕೋಟ್ ಮಾಡಿಸುವುದು ಈ ದೃಷ್ಟಿಯಿಂದಲೂ ತಪ್ಪು.

ನಮ್ಮೂರ ಸಣ್ಣ ಘಟಕಗಳಲ್ಲಿ ಈ ಕೆಲಸ ಬಲ್ಲವರು ಇದ್ದಾರೆ. ಆದರೆ ಗಿರಾಕಿಗಳು ದರವನ್ನಷ್ಟೇ ಕೇಳಿ ಚೌಕಾಸಿ ಮಾಡಿದರೆ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ತಯಾರಿಗೆ. ಪೌಡರ್‌ಗೆ ಕೊಡುವ ದುಡ್ಡಿನಷ್ಟೇ ತಯಾರಿಗೂ ಕೊಡಲು ನಾವು ಸಿದ್ಧರಿದ್ದರೆ, ತಯಾರಿ ಮಾಡಿ ತೋರಿಸಿ ಎಂದು ಕೇಳುವ ಹಕ್ಕೂ ನಮಗೆ ಬರುತ್ತದೆ.