ರಾತ್ರಿ ಪಾಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು

ಈ ವಾರದ ಪಾಠವನ್ನು ಈಜಿಪ್ಟಿನಿಂದ ಆರಂಭಿಸೋಣ. ಮನೆಯಲ್ಲಿ ಪವಿತ್ರ ಗ್ರಂಥವನ್ನು ತೆರೆದು, ವಿಮೋಚನಾಕಾಂಡದ ಮೊದಲನೆಯ ಅಧ್ಯಾಯದ 15ರಿಂದ 21ರವರೆಗಿನ ವಚನಗಳನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಲಿ. ಹಿಬ್ರಿಯರ ಗಂಡುಕೂಸುಗಳನ್ನು ಹೆರಿಗೆಯ ಹೊತ್ತಿನಲ್ಲೇ ಕೊಂದುಬಿಡಿ ಎಂದು ಫರೋಹನು ಇಬ್ಬರು ಸೂಲಗಿತ್ತಿಯರಿಗೆ ಅಪ್ಪಣೆ ಮಾಡುತ್ತಾನೆ. ಅವರು ದೇವರಿಗೆ ಹೆದರಿದರೇ ಹೊರತು ಅರಸನಿಗಲ್ಲ. ಇಲ್ಲೊಂದು ಸಂಗತಿ ಗಮನಿಸಿ. ಅಷ್ಟು ದೊಡ್ಡ ಅರಸನ ಹೆಸರೇನೆಂದು ಗ್ರಂಥ ಹೇಳುವುದೇ ಇಲ್ಲ. 'ಫರೋಹ' ಎಂಬುದು ಬರೀ ಪದವಿಯ ಹೆಸರು. ಆದರೆ ಆ ಇಬ್ಬರು ಹೆಂಗಸರ ಹೆಸರನ್ನು ಮರೆಯದೆ ಹೇಳುತ್ತದೆ: ಶಿಪ್ರಾ ಮತ್ತು ಪೂಗಾ.

ಅವರು ಹೊತ್ತುಗೊತ್ತಿಲ್ಲದೆ ಕರೆ ಬಂದಾಗ ಎದ್ದು ಹೋಗುತ್ತಿದ್ದವರು. ನಮ್ಮ ನಾಡಿನಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರು ಹಾಗೆಯೇ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಕ್ರಿಸ್ಮಸ್ ದಿನ ತೀರಿಕೊಂಡರು. ಅವರನ್ನು ಯಾರೂ 'ನಡುರಾತ್ರಿ ಹೊರಗೆ ಹೋಗುವ ಹೆಂಗಸು' ಎಂದು ಆಡಿಕೊಂಡಿರಲಿಕ್ಕಿಲ್ಲ. ಆದರೆ ಇಂದು ನಮ್ಮ ಮಗಳೋ ಸೊಸೆಯೋ ಸಮವಸ್ತ್ರ ತೊಟ್ಟು ಅದೇ ನಡುರಾತ್ರಿಯ ಕೆಲಸಕ್ಕೆ ಹೊರಟರೆ ನಾವು ಆಡುವ ಮಾತು ಬೇರೆ. ಹೆಣ್ಣು ನೋಡಲು ಬಂದವರು ಸಂಬಳ ಎಷ್ಟೆಂದು ಒಂದು ಸಲ ಕೇಳಿದರೆ, 'ನೈಟ್ ಡ್ಯೂಟಿ ಇದೆಯಾ?' ಎಂದು ಮೂರು ಸಲ ಕೇಳುತ್ತಾರೆ. 'ಮದುವೆಯಾದ ಮೇಲೆ ಬಿಟ್ಟುಬಿಡಲಿ' ಎಂಬ ಷರತ್ತೂ ಬರುತ್ತದೆ. ಈ ಮಾತುಗಳನ್ನು ನಾವೂ ಆಡಿದ್ದೇವೆಯೇ ಎಂದು ಕೇಳಿಕೊಳ್ಳೋಣ.

ನಾಗಮಂಗಲದ ನಾವು ಹೀಗೆ ಕೇಳಿಕೊಳ್ಳಲು ಕಾರಣವಿದೆ. ಬೆಂಗಳೂರು–ಮಂಗಳೂರು ಹೆದ್ದಾರಿ ಬೆಳ್ಳೂರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲೇ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ದಕ್ಷಿಣಕ್ಕೆ ಹೋದರೆ ಪಾಂಡವಪುರ, ಶ್ರೀರಂಗಪಟ್ಟಣದ ನಾಲೆಯ ಬದಿಯ ರಸ್ತೆಗಳು. 2018ರ ನವೆಂಬರ್ 24ರ ಶನಿವಾರವನ್ನು ಈ ಸೀಮೆಯವರು ಮರೆತಿಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಇಂಥ ಗಳಿಗೆಯಲ್ಲಿ ನಮ್ಮ ಕೈ ಹಿಡಿಯುವವರು ಯಾರು? ನರ್ಸ್, ಪೊಲೀಸಿನವರು, 108ರ ಸಿಬ್ಬಂದಿ, ಊರಿನ ಆಶಾ ಕಾರ್ಯಕರ್ತೆ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108ರ ಸೇವೆ ಆರಂಭವಾದಂದಿನಿಂದ ಆ ಸಂಖ್ಯೆಯನ್ನು ಒತ್ತಿದ ಮನೆಗಳು ಲೆಕ್ಕವಿಲ್ಲದಷ್ಟು. ನಮ್ಮ ಮಗುವನ್ನು ಉಳಿಸಲು ಬಂದವಳು ದೇವದೂತೆ, ನಮ್ಮ ಮನೆಯಿಂದಲೇ ಆ ಕೆಲಸಕ್ಕೆ ಹೊರಟವಳು ಮಾತ್ರ ಸಂಶಯಕ್ಕೆ ಗುರಿ. ಇದು ಯಾವ ನ್ಯಾಯ?

ಮನೆಯ ಮಾತು ಹೀಗಾದರೆ ಕೆಲಸದ ಜಾಗದ ಮಾತು ಇನ್ನೂ ಕಹಿ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಮಗಳು ಅರುಣಾ ಶಾನಭಾಗ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಕೆಲಸ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿಯದೇ ಕೆಲಸಗಾರನೊಬ್ಬ ಅವರ ಮೇಲೆ ಬಿದ್ದು, ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ಪೆಟ್ಟಾಗಿ ಅವರು ಮತ್ತೆ ಎಚ್ಚರದ ಬದುಕಿಗೆ ಮರಳಲೇ ಇಲ್ಲ. ಅಪರಾಧಿಗೆ ದರೋಡೆ ಮತ್ತು ಕೊಲೆಯತ್ನಕ್ಕೆ ಏಳು ವರ್ಷ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪವೇ ಇರಲಿಲ್ಲ. ಅಂದು ಮುಂಬಯಿಯ ನರ್ಸ್‌ಗಳು ಅರುಣಾ ಅವರಿಗಾಗಿಯೂ ತಮ್ಮ ಸುರಕ್ಷತೆಗಾಗಿಯೂ ಮುಷ್ಕರ ಹೂಡಿದರು. 2015ರ ಮೇ 18ರಂದು ಅರುಣಾ ಕಣ್ಣು ಮುಚ್ಚುವ ತನಕ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ಮೀಯಿಸಿದರು, ಉಣಿಸಿದರು. ಅವರನ್ನು ಬೇರೆಡೆಗೆ ಸಾಗಿಸುವ ಪ್ರಯತ್ನ ನಡೆದಾಗ ಅಡ್ಡ ನಿಂತರು. 2011ರಲ್ಲಿ ದಯಾಮರಣದ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಅರುಣಾ ಅವರ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಕೂಡ ಇರಲಿಲ್ಲ. ಸಮಾರಿತನ ಸಾಮತಿಯನ್ನು ಪ್ರತಿ ವರ್ಷ ಓದುವ ನಮಗೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಿಲ್ಲ.

ಆದರೆ ಆ ನರ್ಸ್‌ಗಳ ಪ್ರೀತಿಯನ್ನು ಹೊಗಳಿ ಪುಸ್ತಕ ಮುಚ್ಚುವಂತಿಲ್ಲ. ಬಟ್ಟೆ ಬದಲಿಸಲು ಬಾಗಿಲು ಭದ್ರವಿರುವ ಒಂದು ಕೋಣೆ: ಪ್ರಶ್ನೆ ಇಷ್ಟು ಚಿಕ್ಕದಾಗಿತ್ತು. ಐವತ್ತೊಂದು ವರ್ಷಗಳ ನಂತರ, 2024ರ ಆಗಸ್ಟ್ 9ರಂದು, ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 36 ಗಂಟೆಗಳ ಪಾಳಿಯ ನಡುವೆ ಸೆಮಿನಾರ್ ಕೊಠಡಿಯಲ್ಲಿ ವಿಶ್ರಮಿಸಲು ಹೋದ ತರುಣ ವೈದ್ಯೆಯ ಕೊಲೆಯಾಯಿತು. ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡು, ಅರುಣಾ ಅವರನ್ನೂ ನೆನೆದು, ಆಸ್ಪತ್ರೆಗಳಲ್ಲಿ ಏನೇನಿಲ್ಲ ಎಂದು ಪಟ್ಟಿ ಮಾಡಿತು. ಹೆಂಗಸರಿಗೆ ಬೇರೆ ವಿಶ್ರಾಂತಿ ಕೊಠಡಿ ಇಲ್ಲ, ಸಾಕಷ್ಟು ಶೌಚಾಲಯವಿಲ್ಲ, ರಾತ್ರಿ ಮನೆಗೆ ಹೋಗಲು ವಾಹನವಿಲ್ಲ. ನಡುವೆ ಅಲ್ಲಿನ ರಾಜ್ಯ ಸರ್ಕಾರ, ಸಾಧ್ಯವಾದಲ್ಲೆಲ್ಲ ಮಹಿಳೆಯರಿಗೆ ರಾತ್ರಿ ಪಾಳಿ ತಪ್ಪಿಸಿರೆಂದು ಸೂಚನೆ ಹೊರಡಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಭದ್ರತೆ ಕೊಡುವುದು ಸರ್ಕಾರದ ಕೆಲಸ, ಹೆಂಗಸರಿಗೆ ರಾತ್ರಿ ಕೆಲಸ ಬೇಡವೆನ್ನುವುದಲ್ಲ ಎಂದಿತು. ಮಗಳನ್ನು ಕಾಪಾಡಲೆಂದು ಅವಳನ್ನೇ ಮನೆಯಲ್ಲಿ ಕೂಡಿಹಾಕುವ ತಂದೆತಾಯಿಗಳಾದ ನಾವು ಈ ಮಾತನ್ನು ಎರಡು ಸಲ ಓದಬೇಕು.

ಬದಲಾವಣೆ ಆಗಿಯೇ ಇಲ್ಲವೆಂದಲ್ಲ. 2017ರ ಅಕ್ಟೋಬರ್ 31ರಂದು ನೀಲಮಣಿ ಎನ್. ರಾಜು ಅವರು ಕರ್ನಾಟಕ ಪೊಲೀಸ್ ಇಲಾಖೆಯ ಮೊದಲ ಮಹಿಳಾ ಮುಖ್ಯಸ್ಥೆಯಾದರು. ಮರುವರ್ಷ ಮಹಿಳಾ ಪೊಲೀಸರು ಖಾಕಿ ಸೀರೆಯ ಬದಲು ಶರಟು-ಪ್ಯಾಂಟು ತೊಡಬೇಕೆಂಬ ಆದೇಶ ಬಂತು. ಕೆಲವು ಹಿರಿಯರಿಗೆ ಅದು ಸರಿಬಂದಿರಲಿಕ್ಕಿಲ್ಲ. ಆದರೆ ಜನಜಂಗುಳಿಯಲ್ಲಿ ನುಗ್ಗಬೇಕಾದವಳಿಗೆ, ಓಡುವ ಕಳ್ಳನ ಬೆನ್ನು ಹತ್ತಬೇಕಾದವಳಿಗೆ ಐದೂವರೆ ಗಜದ ಸೀರೆ ಅನುಕೂಲವೇ? ಅಗ್ನಿಶಾಮಕ ದಳದ ಕೆಲಸವನ್ನಂತೂ ಗಂಡಸರದೇ ಎಂದು ದೇಶವೆಲ್ಲ ನಂಬಿತ್ತು. 2002ರಲ್ಲಿ ಹರ್ಷಿಣಿ ಕಾನ್ಹೇಕರ್ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿಗೆ ಸೇರಿದಾಗ ಅಲ್ಲಿ ಕಲಿತ ಮೊದಲ ಹೆಣ್ಣುಮಗಳು ಅವರೇ.

ಕಾನೂನಿನ ವಿಷಯ ಸ್ವಲ್ಪ ತಿಳಿದಿರಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯ್ದೆ 2013ರಲ್ಲಿ ಬಂತು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಹಿರಿಯ ಮಹಿಳೆಯದು. ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನಾಲ್ಕೈದು ಜನರಷ್ಟೇ ಇದ್ದರೆ, ಅಥವಾ ಕಿರುಕುಳ ಕೊಡುವವನು ಮಾಲೀಕನೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶ ಸಿಗಬಹುದು. ನಾಚಿಕೆಯಿಂದ ಬಾಯಿ ಮುಚ್ಚಿ ಕೂತರೆ ಈ ಗಡುವು ಮೀರಿಹೋಗುತ್ತದೆ. 'ಯಾರಿಗೂ ಹೇಳಬೇಡ, ಮರ್ಯಾದೆ ಹೋಗುತ್ತೆ' ಎಂದು ಮಗಳ ಬಾಯಿ ಮುಚ್ಚಿಸುವವರು ಬಹಳ ಸಲ ತಾಯಿಯೇ.

ಧರ್ಮಸಭೆಯ ಆಸ್ಪತ್ರೆ, ಶಾಲೆಗಳೂ ಈ ಕಾಯ್ದೆಯಿಂದ ಹೊರತಲ್ಲ. ಜಗದ್ಗುರು ಎರಡನೇ ಜಾನ್ ಪಾಲರು 1995ರಲ್ಲಿ ಲೋಕದ ಮಹಿಳೆಯರಿಗೆ ಬರೆದ ಪತ್ರದಲ್ಲಿ ಸಮಾನ ಕೆಲಸಕ್ಕೆ ಸಮಾನ ಸಂಬಳ, ದುಡಿಯುವ ತಾಯಂದಿರಿಗೆ ರಕ್ಷಣೆ, ಬಡ್ತಿಯಲ್ಲಿ ನ್ಯಾಯ ಬೇಕೆಂದರು. ಹೆಂಗಸರಿಗಾದ ಅನ್ಯಾಯದಲ್ಲಿ ಧರ್ಮಸಭೆಯವರ ಪಾಲಿದ್ದರೆ ಅದಕ್ಕಾಗಿ ವಿಷಾದಿಸಿದರು. ಜಗದ್ಗುರುಗಳೇ ಹಾಗೆ ಹೇಳಬಲ್ಲರಾದರೆ ನಮ್ಮ ಪಂಗಡದ ಗಂಡಸರಿಗೆ ಅಷ್ಟೊಂದು ಬಿಗುಮಾನ ಏಕೆ?

ಇನ್ನು ಮನೆಯೊಳಗೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬಂದ ಸೊಸೆಗೆ ಒಲೆಯ ಮುಂದೆ ಎರಡನೆಯ ಪಾಳಿ ಕಾದಿದ್ದರೆ ಅವಳು ಮಲಗುವುದು ಯಾವಾಗ? ಅಂದು ಮುದ್ದೆ ತಿರುವುವುದು ಮಗನಿಗೆ ಬಾರದಿದ್ದರೆ ಅವನಿಗೆ ಕಲಿಸಬೇಕಾದವರು ಅತ್ತೆಯೇ. ಅವಳು ಮಲಗಿದ ಕೋಣೆಯ ಬಾಗಿಲು ಬಡಿಯಬೇಡಿ. ನೆಂಟರು ಬಂದರೆ 'ರಾತ್ರಿಯೆಲ್ಲಾ ಡ್ಯೂಟಿ ಮಾಡಿದ್ದಾಳೆ' ಎಂದು ತಲೆಯೆತ್ತಿ ಹೇಳಿ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ, ದುಡಿಯಲು ಹೋಗುವ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಅಮ್ಮಾ, ನೀನು ಬಟ್ಟೆ ಬದಲಿಸುವುದೆಲ್ಲಿ? ನಿನ್ನ ಕೆಲಸದ ಕಡೆ ಶೌಚಾಲಯ ಇದೆಯೇ? ರಾತ್ರಿ ಬಸ್ಸಿಗೆ ಕಾಯುವಾಗ ಜೊತೆಗೆ ಯಾರಿರುತ್ತಾರೆ? ಅವಳು ಹೇಳುವಷ್ಟು ಹೊತ್ತು ನಡುವೆ ಮಾತಾಡದೆ ಕೇಳಿ.