ಸಂಜೆಯ ಸಂಪಾದನೆಯೂ ಸರ್ಕಾರದ ಪಾಲೂ

ಚಿರಂಜೀವಿ, 

ಬೆಂಗಳೂರಿನ ಕಂಪನಿಯಲ್ಲಿ ಕಾಯಂ ನೌಕರಿ ಮಾಡಿಕೊಂಡು, ಸಂಜೆಯ ಹೊತ್ತಿನಲ್ಲಿಯೂ ರಜಾದಿನಗಳಲ್ಲಿಯೂ ಹೊರಗಿನವರಿಗೆ ಸಾಫ್ಟ್‌ವೇರ್ ಬರೆದುಕೊಟ್ಟು ಸ್ವಲ್ಪ ಹೆಚ್ಚಿನ ಹಣ ಸಂಪಾದಿಸುತ್ತಿರುವೆಯೆಂದು ತಿಳಿದು ಸಂತೋಷವಾಯಿತು. ಆದರೆ ಹಣ ಕೊಟ್ಟವರು ಶೇಕಡ 10ರಷ್ಟನ್ನು ಮುರಿದುಕೊಂಡೇ ಕೊಟ್ಟಿರುವುದರಿಂದ ತೆರಿಗೆಯ ವಿಚಾರ ಅಲ್ಲಿಗೇ ಮುಗಿಯಿತೆಂದು ನೀನು ಬರೆದಿರುವುದನ್ನು ಓದಿದ ಮೇಲೆ, ನಿನ್ನಂತೆಯೇ ಭಾವಿಸಿರುವ ತರುಣರು ಅನೇಕರಿರುವರೆಂಬುದನ್ನು ಬಲ್ಲೆನಾದ್ದರಿಂದ, ನಾಲ್ಕು ಮಂದಿ ಓದುವ ಹಾಗೆ ಬಹಿರಂಗವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಟಿಡಿಎಸ್ ಎಂದು ಮುರಿದ ಆ ಹಣ ತೆರಿಗೆಯ ನಿರ್ಣಯವಲ್ಲ, ನಿನ್ನ ಹೆಸರಿನಲ್ಲಿ ಜಮೆಯಾದ ಮುಂಗಡ ಮಾತ್ರ. ಹೊರಗಿನ ಗಿರಾಕಿಗೆ ನಿನ್ನ ಸಂಬಳವೆಷ್ಟೆಂದು ತಿಳಿಯದು. ಸಂಬಳ ಕೊಡುವವರಿಗೆ ಹೊರಗಿನ ಸಂಪಾದನೆಯ ಸುಳಿವಿಲ್ಲ. ಎರಡನ್ನೂ ಕೂಡಿಸಿ ನೋಡತಕ್ಕ ಹೊಣೆ ನಿನ್ನೊಬ್ಬನದು. ಪರದೇಶದ ಗಿರಾಕಿ ಏನನ್ನೂ ಮುರಿಯದೆ ಪೂರ್ತಿ ಹಣ ಕಳಿಸಿದನೆಂಬ ಮಾತ್ರಕ್ಕೆ ಅದು ತೆರಿಗೆಯಿಂದ ಮುಕ್ತವಾಗಲಿಲ್ಲ. ಹಾಗೆ ಕೂಡಿಸುವಾಗ ಸಂಜೆಯ ಸಂಪಾದನೆಯು, ತುಂಬಿದ ಕೊಳಗದ ಮೇಲೆ ಸುರಿದ ರಾಗಿಯಂತೆ, ಸಂಬಳದ ನೆತ್ತಿಯ ಮೇಲೆ ಬೀಳುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಯೇ ಇಲ್ಲದ ಮೊದಲ 4 ಲಕ್ಷವನ್ನೂ ಅದರ ಮೇಲಿನ ಕಡಿಮೆ ದರಗಳ ಹಂತಗಳನ್ನೂ ಸಂಬಳವು ಆಗಲೇ ಆಕ್ರಮಿಸಿರುವುದರಿಂದ, ಸಂಜೆ ದುಡಿದ ಮೊದಲನೆಯ ರೂಪಾಯಿಗೂ ನಿನ್ನ ಮೇಲ್ತುದಿಯ ದರವೇ ಅನ್ವಯಿಸುತ್ತದೆ.

2025-26ನೆಯ ವರ್ಷದ ಈ ಹೊಸ ಪದ್ಧತಿಯಲ್ಲಿ ಒಂದು ಕಡಿದಾದ ಜಾಗವಿದೆ. ನಿನ್ನ ವಾರ್ಷಿಕ ಸಂಬಳ 12,75,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 12 ಲಕ್ಷ ಉಳಿಯುತ್ತದೆ. ಅದರ ಮೇಲಿನ 60,000 ರೂಪಾಯಿ ತೆರಿಗೆಯನ್ನು ಸರ್ಕಾರವು ರಿಬೇಟ್ ರೂಪದಲ್ಲಿ ಸಂಪೂರ್ಣವಾಗಿ ಬಿಟ್ಟುಕೊಡುತ್ತದೆ. ಈಗ ಹೊರಗಿನ ದುಡಿಮೆಯಿಂದ ಒಂದು ಲಕ್ಷ ಆದಾಯ ಸೇರಿತೆನ್ನು. ಒಟ್ಟು ಆದಾಯ 12 ಲಕ್ಷವನ್ನು ದಾಟಿದೊಡನೆ ರಿಬೇಟ್ ಇಲ್ಲವಾಗಿ, ತೆರಿಗೆ 75,000, ಅದರ ಮೇಲೆ ಶೇಕಡ 4ರ ಸೆಸ್ 3,000, ಅಂತೂ 78,000 ರೂಪಾಯಿಗಳನ್ನು ನೀನು ಕಟ್ಟಬೇಕಾಗುತ್ತದೆ. ಗಿರಾಕಿ ಮುರಿದುಕೊಂಡದ್ದು 10,000 ಮಾತ್ರ! ಹೆಚ್ಚಿನ ಆದಾಯ 50,000 ಮಾತ್ರವಾಗಿದ್ದರೆ, ಮಾರ್ಜಿನಲ್ ರಿಲೀಫ್ ಎಂಬ ವಿನಾಯಿತಿಯಿಂದ ತೆರಿಗೆಯು ಆ 50,000ವನ್ನು ಮೀರದು. ಸೆಸ್ ಮಾತ್ರ ಅದರ ಮೇಲೆಯೂ ಬೀಳುತ್ತದೆ. ಎಂದರೆ ತಿಂಗಳುಗಟ್ಟಲೆ ನಿದ್ರೆಗೆಟ್ಟು ದುಡಿದುದಷ್ಟೂ ಹೋಗಿ, ಮೇಲೆ 2,000 ಕೈಯಿಂದಲೇ ಸಲ್ಲಬೇಕು. ಇದು ಕಠೋರವಾದ ಏರ್ಪಾಡೆಂದೇ ನನ್ನ ಅಭಿಪ್ರಾಯ; ದುಡಿಯುವವನ ಉತ್ಸಾಹವನ್ನು ಈ ಬಗೆಯಲ್ಲಿ ಕುಂದಿಸುವುದು ಯಾವ ಶಾಸನಕ್ಕೂ ಶೋಭೆಯಲ್ಲ. ಆದರೂ ಆದಾಯವನ್ನು ಮರೆಮಾಚುವುದು ಇದಕ್ಕೆ ಪರಿಹಾರವಾಗಲಾರದು. ಟಿಡಿಎಸ್ ಆದ ಪ್ರತಿಯೊಂದು ಸಂದಾಯವೂ ಇಲಾಖೆಯ ವಾರ್ಷಿಕ ವಿವರಪಟ್ಟಿಯಲ್ಲಿ ನಿನ್ನ ಪ್ಯಾನ್ ಸಂಖ್ಯೆಯ ಕೆಳಗೆ ಆಗಲೇ ದಾಖಲಾಗಿರುತ್ತದೆ.

ನ್ಯಾಯಸಮ್ಮತವಾದ ದಾರಿಗಳುಂಟು. ವಕೀಲರು, ವೈದ್ಯರು, ಎಂಜಿನಿಯರುಗಳು, ಮಾಹಿತಿ ತಂತ್ರಜ್ಞಾನದವರು ಮೊದಲಾದ ಕೆಲವು ವೃತ್ತಿಗಳವರು, 2025-26ರ ಲೆಕ್ಕಕ್ಕೆ ಅನ್ವಯಿಸುವ ಆದಾಯ ತೆರಿಗೆ ಕಾಯಿದೆಯ 44ಎಡಿಎ ಸೆಕ್ಷನ್ನಿನ ಪ್ರಕಾರ, ಬಂದ ಹಣದ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ಖರ್ಚಿನ ರಸೀದಿಗಳನ್ನು ಒಪ್ಪಿಸಬೇಕಾದ ಕಾರಣವಿಲ್ಲ. ಅನುವಾದ, ಪಾಠ ಹೇಳುವುದು ಇವು ಆ ಪಟ್ಟಿಯಲ್ಲಿಲ್ಲವಾದ್ದರಿಂದ, ಅಂಥ ಕೆಲಸ ಮಾಡುವ ನಿನ್ನ ಗೆಳೆಯರು ನಿಜವಾದ ಖರ್ಚುಗಳ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಎರಡನೆಯದಾಗಿ, ನಿನ್ನ ಕಂಪನಿಯಲ್ಲಿ ಅವಕಾಶವಿದ್ದರೆ, ಸಂಬಳದ ಒಂದಂಶವನ್ನು ಕಂಪನಿಯ ವಂತಿಗೆಯಾಗಿ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ತಿರುಗಿಸಿಕೋ. ಮೂಲವೇತನದ ಶೇಕಡ 14ರವರೆಗೆ ಹೊಸ ಪದ್ಧತಿಯಲ್ಲಿಯೂ ಆದಾಯದಿಂದ ಕಳೆಯಲು ಅವಕಾಶವಿದೆ. ಮೂಲವೇತನ 6 ಲಕ್ಷವಾದರೆ ಅದು 84,000 ಆಗುತ್ತದೆ. ಹೊರಗಿನಿಂದ ಬಂದ ಒಂದು ಲಕ್ಷದಲ್ಲಿ 50,000ವನ್ನೇ ಆದಾಯವೆಂದು ಹಿಡಿದು, ಈ 84,000ವನ್ನು ಕಳೆದರೆ, ನೀನು ಮತ್ತೆ 12 ಲಕ್ಷದ ಒಳಗೆ ಬಂದು, ತೆರಿಗೆಯಿಲ್ಲದೆ, ಮುರಿದ 10,000ವನ್ನೂ ಹಿಂದಕ್ಕೆ ಪಡೆಯುವೆ. ಎನ್‌ಪಿಎಸ್ ಹಣ ಬೇಕೆಂದಾಗ ಕೈಗೆ ಬಾರದೆಂಬುದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿರು. ಈ ಲೆಕ್ಕವನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡತಕ್ಕದ್ದು. ವರ್ಷ ಕಳೆದ ಮೇಲೆ ಮಾಡಿದರೆ ದಾರಿಗಳು ಮುಚ್ಚಿಹೋಗಿರುತ್ತವೆ.

ವಿಧಿವಿಧಾನಗಳ ಮಾತು ಸ್ವಲ್ಪವೇ. ಸಂಬಳದಾರರ ರಿಟರ್ನ್ ನಮೂನೆಯಾದ ಐಟಿಆರ್-1 ಇನ್ನು ನಿನಗೆ ಸಲ್ಲದು. 44ಎಡಿಎ ಅನುಸರಿಸಿದರೆ ಸಾಮಾನ್ಯವಾಗಿ ಐಟಿಆರ್-4, ಇಲ್ಲವಾದರೆ ಐಟಿಆರ್-3. ಟಿಡಿಎಸ್ ಕಳೆದ ಮೇಲೂ 10,000 ಅಥವಾ ಅದಕ್ಕೆ ಮೇಲ್ಪಟ್ಟು ತೆರಿಗೆ ಬಾಕಿಯಿರುವುದಾದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು. 44ಎಡಿಎಯವರು ಅದನ್ನು ಒಂದೇ ಕಂತಿನಲ್ಲಿ ಮಾರ್ಚ್ 15ರೊಳಗೆ ಕಟ್ಟಬಹುದು, ಉಳಿದವರಿಗೆ ಜೂನ್‌ನಿಂದಲೇ ನಾಲ್ಕು ಕಂತುಗಳಿವೆ. ತಡವಾದರೆ ತಿಂಗಳಿಗೆ ಶೇಕಡ 1ರ ಬಡ್ಡಿ ಬೀಳುತ್ತದೆ.

ಹೊರಗಿನ ಆದಾಯವನ್ನು ನಿನ್ನ ಕಂಪನಿಗೇ ತಿಳಿಸಿ, ಅದರ ತೆರಿಗೆಯನ್ನೂ ಸಂಬಳದಲ್ಲಿಯೇ ಮುರಿಸಿಕೊಂಡು ಈ ಕಂತುಗಳ ತಾಪತ್ರಯವನ್ನು ತಪ್ಪಿಸಿಕೊಳ್ಳುವ ಅನುಕೂಲವನ್ನು ಕಾನೂನು ಒದಗಿಸಿದೆ. ಆದರೆ ಹಾಗೆ ತಿಳಿಸಬೇಕಾದರೆ ಹೊರಗಿನ ಕೆಲಸಕ್ಕೆ ಅವರ ಸಮ್ಮತಿ ಇರಬೇಕಷ್ಟೆ. ನಿನ್ನ ನೇಮಕಾತಿ ಪತ್ರವನ್ನು ಹೊರತೆಗೆದು, ಅನ್ಯ ಉದ್ಯೋಗವನ್ನು ಕುರಿತ ಷರತ್ತನ್ನು ಸಾವಧಾನವಾಗಿ ಓದು. ನಿಷೇಧವಿದ್ದರೆ ಲಿಖಿತ ಅನುಮತಿಯನ್ನು ಕೇಳು. ಅನುಮತಿ ದೊರೆಯದಿದ್ದ ಪಕ್ಷದಲ್ಲಿ ಈಗಿನ ಗಿರಾಕಿಯ ಕೆಲಸವನ್ನು ಇನ್ನು ಮುಂದುವರಿಸಬೇಡವೆಂದೇ ನನ್ನ ಸಲಹೆ. ಈವರೆಗೆ ಬಂದ ಹಣಕ್ಕೆ ಮಾತ್ರ ತೆರಿಗೆಯನ್ನು ತಪ್ಪದೆ ಸಲ್ಲಿಸು. ಆ ನೇಮಕಾತಿ ಪತ್ರದ ನಕಲೊಂದನ್ನು ನನಗೆ ಕಳಿಸಿಕೊಡು, ಕೂತು ನೋಡೋಣ.