ಅಶ್ವಶಕ್ತಿ ಮತ್ತು ಎಳೆತ: ವೇಗದ ಕಾರುಗಳ ಎಂಜಿನ್ ಕುರಿತು ಒಂದು ವಿವೇಚನೆ

ಮೋಟಾರು ಗಾಡಿಯ ಬಲವನ್ನು ಕುದುರೆಯ ಹೆಸರಿನಿಂದ ಅಳೆಯುವ ರೂಢಿಯು ಉಗಿಯಂತ್ರಗಳ ಕಾಲದಿಂದ ಬಂದುದು. ಜೇಮ್ಸ್ ವಾಟನು ತನ್ನ ಯಂತ್ರಗಳನ್ನು ಮಾರುವಾಗ, ಕೊಳ್ಳುವವರಿಗೆ ಪರಿಚಿತವಾದ ಪ್ರಾಣಿಯ ದುಡಿಮೆಯೊಡನೆ ಅವುಗಳ ದುಡಿಮೆಯನ್ನು ಹೋಲಿಸಿ ತೋರಿಸಬೇಕಾಗಿತ್ತು. ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವಷ್ಟು ಸಾಮರ್ಥ್ಯವೇ ಒಂದು ಅಶ್ವಶಕ್ತಿ ಎಂದು ಅವನು ಗೊತ್ತುಮಾಡಿದನು. ಇಂದಿನ ಮಾನದಲ್ಲಿ ಅದು ಸುಮಾರು 746 ವಾಟು. ಯೂರೋಪು ಖಂಡದ ಮೆಟ್ರಿಕ್ ಅಶ್ವಶಕ್ತಿಯು ಇದಕ್ಕಿಂತ ತುಸು ಕಿರಿದು, 735.5 ವಾಟು. ಜರ್ಮನ್ ಕಾರುಗಳ ವಿವರಣ ಪತ್ರಗಳಲ್ಲಿ ಬಹುಮಟ್ಟಿಗೆ ಕಾಣುವುದು ಈ ಎರಡನೆಯ ಕುದುರೆಯೇ.

ಕನ್ನಡ ಪಂಡಿತನಾದವನಿಗೆ ಈ ವಿಷಯದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಬೆಂಗಳೂರು, ಪುಣೆಗಳಲ್ಲಿ ನೆಲೆಸಿ, ಬ್ಯಾಂಕಿನ ಸಾಲ ಮಾಡಿ, ವೈಭವದ ಕಾರುಗಳ ಮೊದಲ ಮೆಟ್ಟಿಲಿನಲ್ಲಿರುವ ವೇಗದ ಸೆಡಾನುಗಳನ್ನು ಕೊಳ್ಳುತ್ತಿದ್ದಾರೆ. ಊರಿಗೆ ಬಂದಾಗ ಅವರ ನಡುವೆ ನಡೆಯುವ ಚರ್ಚೆಯೆಲ್ಲ “ಎಷ್ಟು ಕುದುರೆ?” ಎಂಬ ಒಂದೇ ಪ್ರಶ್ನೆಯನ್ನು ಸುತ್ತುತ್ತದೆ. ಶಬ್ದದ ಅರ್ಥವನ್ನು ನಿಷ್ಕರ್ಷಿಸದೆ ವಸ್ತುವಿನ ಬೆಲೆಯನ್ನು ಕಟ್ಟಹೊರಟರೆ ಎಡವುವುದು ಖಂಡಿತ. ಶಬ್ದದ ಅರ್ಥವನ್ನು ವಿಚಾರಿಸುವುದಂತೂ ಪಂಡಿತನ ವೃತ್ತಿಯೇ ಆಗಿದೆ.

ಅಶ್ವಶಕ್ತಿಯ ಜೊತೆಗೆ ಪ್ರತಿಯೊಂದು ವಿವರಣ ಪತ್ರದಲ್ಲಿಯೂ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಟಾರ್ಕ್ ಎನ್ನುವರು, ನ್ಯೂಟನ್-ಮೀಟರುಗಳಲ್ಲಿ ಅಳೆಯುವರು. ಅಚ್ಚನ್ನು ತಿರುಗಿಸುವ ಬಲವೇ ಇದು. ಪಠ್ಯಪುಸ್ತಕದವರು ಇದಕ್ಕೆ ಗಡುಸಾದ ಸಂಸ್ಕೃತ ಪದಗಳನ್ನು ಹುಡುಕಿದ್ದಾರೆ. ಆದರೆ ನಮ್ಮ ಗ್ಯಾರೇಜಿನ ಮೇಸ್ತ್ರಿ “ಗಾಡಿ ಚಲೋ ಎಳೀತದ, ಪಿಕಪ್ಪು ಐತಿ” ಎಂದಾಗ ಅವನು ಹೇಳುವುದು ಬಹುಪಾಲು ಇದನ್ನೇ. ‘ಎಳೆತ’ ಎಂಬ ಅವನ ಮಾತು ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಎರೆಹೊಲದಲ್ಲಿ ನೇಗಿಲನ್ನೆಳೆಯುವ ಎತ್ತಿಗೆ ಬೇಕಾದುದು ಎಳೆತ. ದೀಪಾವಳಿಯ ಹೊತ್ತಿನಲ್ಲಿ ನಮ್ಮ ಜಿಲ್ಲೆಯ ಊರೂರುಗಳಲ್ಲಿ ಕೊಬ್ಬರಿಯ ಹಾರ ಹೊತ್ತು ಜನಸಂದಣಿಯನ್ನು ಸೀಳಿಕೊಂಡು ಓಡುವ ಹೋರಿಗೆ ಎಳೆತದೊಡನೆ ಕಾಲಿನ ಚುರುಕೂ ಬೇಕು. ಎಳೆತವನ್ನು ತಿರುಗುವ ವೇಗದಿಂದ ಗುಣಿಸಿದಾಗ ಬರುವುದೇ ಶಕ್ತಿ. ಲೆಕ್ಕವು ಸುಲಭ: ನ್ಯೂಟನ್-ಮೀಟರನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 9,549 ರಿಂದ ಭಾಗಿಸಿದರೆ ಕಿಲೋವಾಟು ದೊರೆಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆಯು ಬಿ.ಎಂ.ಡಬ್ಲ್ಯು. ಕಂಪನಿಯ 3 ಸೀರೀಸ್ ಕಾರು. 2019ರಲ್ಲಿ ಅದರ ಹೊಸ ತಲೆಮಾರು ಭಾರತಕ್ಕೆ ಬಂದಾಗ 320ಡಿ ಎಂಬ ಡೀಸೆಲ್ ಮಾದರಿಯೂ 330ಐ ಎಂಬ ಪೆಟ್ರೋಲ್ ಮಾದರಿಯೂ ಇದ್ದವು. ಎರಡಕ್ಕೂ ನಾಲ್ಕು ಸಿಲಿಂಡರು. ಎರಡರ ಗಾತ್ರವೂ ಸುಮಾರು 2 ಲೀಟರು. ಎರಡರ ಗರಿಷ್ಠ ಎಳೆತವೂ 400 ನ್ಯೂಟನ್-ಮೀಟರು. ಹೀಗಿದ್ದರೂ ಮೊದಲನೆಯದರ ಶಕ್ತಿ 190, ಎರಡನೆಯದರ ಶಕ್ತಿ 258 ಅಶ್ವಶಕ್ತಿ! ಕಾರಣವೇನೆಂದರೆ, ಡೀಸೆಲ್ ಎಂಜಿನ್ ತನ್ನ ಪೂರ್ಣ ಎಳೆತವನ್ನು 1,750 ರಿಂದ 2,500 ಸುತ್ತುಗಳ ನಡುವೆ ಮಾತ್ರ ಕೊಡುತ್ತದೆ; ಆಮೇಲೆ ಅದು ಇಳಿಮುಖವಾಗುತ್ತದೆ. ಪೆಟ್ರೋಲ್ ಎಂಜಿನ್ ಅದೇ ಎಳೆತವನ್ನು 4,400 ಸುತ್ತುಗಳವರೆಗೆ ಹಿಡಿದಿಡುತ್ತದೆ. ಊರೊಳಗೆ ಮೆಲ್ಲಗೆ ಸಾಗುವಾಗ ಇಬ್ಬರು ಚಾಲಕರಿಗೂ ದೊಡ್ಡ ಅಂತರ ಕಾಣದು. ಕಾಲನ್ನು ಪೂರ್ತಿ ಒತ್ತಿದಾಗಲೇ ಆ 68 ಕುದುರೆಗಳು ಹೊರಬೀಳುವುದು.

ಈ ಭೇದದ ಮೂಲವು ಉರಿಯುವ ಬಗೆಯಲ್ಲಿದೆ. ಪೆಟ್ರೋಲಿಗೆ ಕಿಡಿ ಬೇಕು. ಡೀಸೆಲಿಗೆ ಕಿಡಿ ಬೇಡ; ಗಾಳಿಯನ್ನು ಬಿಗಿಯಾಗಿ ಅದುಮಿದಾಗ ಹುಟ್ಟುವ ಕಾವಿನಲ್ಲಿ, ಸಿಂಪಡಿಸಿದ ಎಣ್ಣೆಯು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡವನ್ನು ತಾಳಲು ಅದರ ಅಂಗಾಂಗಗಳು ದಪ್ಪವಾಗಿರಬೇಕಾಗುತ್ತದೆ. ದಹನಕ್ಕೂ ತುಸು ಹೊತ್ತು ಹಿಡಿಯುತ್ತದೆ. ಆದುದರಿಂದ ಅದು ಅತಿವೇಗವಾಗಿ ತಿರುಗಲಾರದು. ಕಿಡಿ ಕೊಡುವ ಪ್ಲಗ್ಗು, ಎಣ್ಣೆ ಚಿಮ್ಮಿಸುವ ಪಂಪು, ಈ ಎರಡನ್ನೂ ನಮ್ಮ ನಾಡಿನಲ್ಲಿ ತಯಾರಿಸಿದ ಕೀರ್ತಿ 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ ಕಾರ್ಖಾನೆಯದು. 2008ರಿಂದ ಅದರ ಹೆಸರು ಬಾಷ್ ಎಂದಾಗಿದೆ.

ಗಾತ್ರ ಹೆಚ್ಚಿದಷ್ಟು ಬಲ ಹೆಚ್ಚೆಂಬ ಹಳೆಯ ನಂಬಿಕೆಯೂ ಈಗ ನಿಲ್ಲದು. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಒಳಕ್ಕೆ ಹೆಚ್ಚು ಗಾಳಿಯನ್ನು ನೂಕುವ ಉಪಾಯಕ್ಕೆ ಟರ್ಬೊ ಎಂದು ಹೆಸರು. ಕುಲುಮೆಯ ಹೊಗೆಯೇ ಕಮ್ಮಾರನ ತಿದಿಯನ್ನು ಒತ್ತಿದಂತೆ! 2022ರಲ್ಲಿ ಭಾರತಕ್ಕೆ ಬಂದ ಮರ್ಸಿಡಿಸ್ ಸಿ200 ಕಾರು ಕೇವಲ ಒಂದೂವರೆ ಲೀಟರಿನ ಎಂಜಿನಿನಿಂದ 204 ಅಶ್ವಶಕ್ತಿಯನ್ನು ಪಡೆಯಿತು. ಆರು ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿದ ಎಂಜಿನ್‌ಗಳು ಈ ಮೊದಲ ಮೆಟ್ಟಿಲಿನಿಂದ ಮೇಲಕ್ಕೆ ಸರಿದಿವೆ. ನಾಲ್ಕರಲ್ಲಿ 180 ಅಂಶಕ್ಕೊಂದು ಸ್ಫೋಟ, ಆರರಲ್ಲಿ 120 ಅಂಶಕ್ಕೊಂದು. ಅದುರುವಿಕೆಗಳು ಒಂದನ್ನೊಂದು ತಾವಾಗಿಯೇ ತೊಡೆದುಹಾಕುತ್ತವೆ. ಷಟ್ಪದಿಯ ಓಟವನ್ನು ಮೆಚ್ಚಿದವನಿಗೆ ಇದು ಹಿಡಿಸದಿರದು. ಹಣದ ಮಾತು ಬೇರೆ.

ಎಂಜಿನ್ ಎಷ್ಟಿದ್ದರೇನು, ಹೊರಬೇಕಾದ ಭಾರವನ್ನೂ ನೋಡಬೇಕು. ಬೆಂಗಳೂರಿನ ಸಿಪಾನಿ ಕಂಪನಿಯು 1980ರ ದಶಕದಲ್ಲಿ ಡಾಲ್ಫಿನ್ ಎಂಬ ಸಣ್ಣ ಕಾರನ್ನು ತಯಾರಿಸುತ್ತಿತ್ತು. ಅದರ ಎಂಜಿನ್ 848 ಘನ ಸೆಂಟಿಮೀಟರಿನದು. ಒಡಲು ಲೋಹದ್ದಲ್ಲ, ಗಾಜಿನಾರಿನದು. ಹಗುರವಾಗಿದ್ದ ಆ ಕಾರು ಮೋಟಾರು ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಪೇಟೆಯಲ್ಲಿ ಮಾತ್ರ ಮಾರುತಿಯ ಮುಂದೆ ಅದು ನಿಲ್ಲಲಿಲ್ಲ.

ಈಗ ಪ್ರಾಣಕ್ಕೆ ಸಂಬಂಧಿಸಿದ ವಿಷಯಕ್ಕೆ ಬರುತ್ತೇನೆ. ನಮ್ಮ ಸವಣೂರಿನಿಂದ ಲಕ್ಷ್ಮೇಶ್ವರದ ಕಡೆಗೆ ಹೋಗುವಾಗ, ಮುಂದಿರುವ ಕಬ್ಬಿನ ಟ್ರ್ಯಾಕ್ಟರನ್ನೋ ಲಾರಿಯನ್ನೋ ದಾಟಲು ಎದುರಿನವರ ಹಾದಿಗೆ ಹೋಗಲೇಬೇಕು. ಜನರೂ ಸಾಮಾನೂ ಸೇರಿ 1,600 ಕಿಲೋಗ್ರಾಂ ತೂಗುವ ಕಾರನ್ನು ಗಂಟೆಗೆ 60 ರಿಂದ 100 ಕಿಲೋಮೀಟರ್ ವೇಗಕ್ಕೆ ಏರಿಸಲು ಸುಮಾರು 4 ಲಕ್ಷ ಜೂಲು ಬೇಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಚಕ್ರಗಳಿಗೆ 100 ಕಿಲೋವಾಟು ತಲುಪಿಸುವ ಎಂಜಿನಿಗೆ ಇದು 4 ಸೆಕೆಂಡಿನ ಕೆಲಸ. 50 ಕಿಲೋವಾಟಿನದಕ್ಕೆ 8 ಸೆಕೆಂಡು. ಹೆಚ್ಚಿನ ಆ 4 ಸೆಕೆಂಡುಗಳಲ್ಲಿ ನಮ್ಮ ಕಾರೂ, ಎದುರಿನಿಂದ 60ರ ವೇಗದಲ್ಲಿ ಬರುವ ಬಸ್ಸೂ ಸೇರಿ ಸುಮಾರು 150 ಮೀಟರು ದೂರವನ್ನು ನುಂಗಿಬಿಡುತ್ತವೆ. ಬಲವುಳ್ಳ ಎಂಜಿನಿನ ನಿಜವಾದ ಪ್ರಯೋಜನವು ಇಲ್ಲಿದೆ. ಆದರೆ ಇನ್ನೊಂದು ಗಣಿತವನ್ನೂ ಮರೆಯಬಾರದು: ವೇಗವು ಇಮ್ಮಡಿಯಾದರೆ ಚಲನಶಕ್ತಿಯು ನಾಲ್ಕು ಮಡಿಯಾಗುತ್ತದೆ, ಅದನ್ನು ತಡೆಯುವ ಬ್ರೇಕು ಟೈರುಗಳು ಅವೇ ಆಗಿರುತ್ತವೆ. ಹೆದ್ದಾರಿಯಲ್ಲಿ 160ರ ವೇಗದ ವರ್ಣನೆ ಮಾಡುವ ತರುಣರಿಗೆ ಗುರುವಾಗಿ ನಾನು ಹೇಳಬೇಕಾದುದು ಇಷ್ಟೇ.

ಹಾಗಾದರೆ ಯಾರಿಗೆ ಯಾವುದು? ದಿನವೂ ನಸುಕಿನಲ್ಲಿ ಎದ್ದು ಹುಬ್ಬಳ್ಳಿ, ದಾವಣಗೆರೆಗಳಿಗೆ ಹೆದ್ದಾರಿಯ ಮೇಲೆ ಓಡಾಡುವ ಎಲೆಯ ವ್ಯಾಪಾರಿಗೆ ಡೀಸೆಲ್ಲೇ ಲೇಸು. ದೂರದ ಓಟದಲ್ಲಿ ಅದು ಕುಡಿಯುವುದು ಕಡಿಮೆ. ಬೆಂಗಳೂರಿನ ದಟ್ಟಣೆಯಲ್ಲಿ ನಾಲ್ಕು ಮೈಲಿ ತೆವಳುವ ಅಧಿಕಾರಿಗೆ ಅದು ಸಲ್ಲದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಕ್ಕೆ ಅನುಸಾರವಾಗಿ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಜರಡಿಯೊಂದಿರುತ್ತದೆ. ಹೊಗೆಯು ಚೆನ್ನಾಗಿ ಕಾದಾಗ ಮಾತ್ರ ಆ ಮಸಿಯು ಸುಟ್ಟುಹೋಗುತ್ತದೆ. ಬರೀ ಗಿಡ್ಡ ಪಯಣಗಳಲ್ಲಿ ಜರಡಿಯು ಕಟ್ಟಿಕೊಂಡು, ರಿಪೇರಿಗೆ ದೊಡ್ಡ ಮೊತ್ತವನ್ನೇ ಕಕ್ಕಬೇಕಾಗುತ್ತದೆ. ಅಂಥವರಿಗೆ ಪೆಟ್ರೋಲ್ ಮೇಲು. ಅದಕ್ಕಿಂತಲೂ ಮೇಲೆಂದರೆ, 2013ರಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗತೊಡಗಿದ ಕ್ಯಾಮ್ರಿಯಂತೆ ವಿದ್ಯುತ್ ಮೋಟಾರನ್ನೂ ಜೊತೆಗಿಟ್ಟುಕೊಂಡ ಮಿಶ್ರಜಾತಿಯ ಕಾರು. ಮೋಟಾರಿನ ಎಳೆತವು ನಿಂತಲ್ಲಿಂದಲೇ ಪೂರ್ಣವಾಗಿರುವುದರಿಂದ ಪೆಟ್ರೋಲ್ ಎಂಜಿನಿನ ಆರಂಭದ ಅಳುಕನ್ನು ಅದು ತುಂಬಿಕೊಡುತ್ತದೆ. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ.

ಪೆಟ್ರೋಲನ್ನು ಆರಿಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲನ್ನು ಬೆರೆಸುವುದು ರೂಢಿಗೆ ಬಂದಿತು. ಕಬ್ಬು, ಮೆಕ್ಕೆಜೋಳಗಳಿಂದ ಇದನ್ನು ತೆಗೆಯುವುದರಿಂದ ಹಾವೇರಿ ಜಿಲ್ಲೆಯ ರೈತನಿಗೂ ಇದರ ಬಿಸಿ ತಂಪುಗಳು ತಟ್ಟುತ್ತವೆ. ಲೀಟರಿಗೆ ಲೀಟರು ತೂಗಿದರೆ ಎಥನಾಲಿನಲ್ಲಿರುವ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ; ಆದುದರಿಂದ ಈ ಮಿಶ್ರಣದ ಶಕ್ತಿಯಲ್ಲಿ ನೂರಕ್ಕೆ ಆರೇಳರಷ್ಟು ಕೊರತೆಯುಂಟು. ಅದರ ಆಕ್ಟೇನ್ ಗುಣವು ಹೆಚ್ಚಾದುದರಿಂದ, ಅದಕ್ಕೆಂದೇ ರಚಿಸಿದ ಎಂಜಿನ್ ಹೆಚ್ಚಿನ ಒತ್ತಡವನ್ನು ತಾಳಿ ನಷ್ಟವನ್ನು ಭಾಗಶಃ ತುಂಬಿಕೊಳ್ಳಬಲ್ಲದು. ಹಳೆಯ ಜರ್ಮನ್ ಕಾರನ್ನು ಎರಡನೆಯ ಕೈಯಿಂದ ಕೊಳ್ಳುವವರು, ಆ ಎಂಜಿನಿನ ರಬ್ಬರು ಕೊಳವೆಗಳೂ ಪಂಪೂ ಈ ಮಿಶ್ರಣಕ್ಕೆ ಹೊಂದುತ್ತವೆಯೋ ಇಲ್ಲವೋ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಿಕೊಂಡ ತರುವಾಯವೇ ಮುಂಗಡ ಕೊಡತಕ್ಕದ್ದು.